ಹುಟ್ಟಿನೊಡನೆ ಬಂದ ನ್ಯೂನತೆಗೆ ಕಾರಣವೇನು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ತುಟಿ ಸೀಳಿದ ಕೂಸೊಂದು ಹುಟ್ಟಿತೆಂದರೆ, ಗ್ರಹಣದ ಹೊತ್ತಿನಲ್ಲಿ ಬಸುರಿಯು ಏನನ್ನು ಕೊಯ್ದಳೆಂಬ ಪ್ರಶ್ನೆ ಇಂದಿಗೂ ಎಷ್ಟೋ ಮನೆಗಳಲ್ಲಿ ಏಳುವುದುಂಟು. ಕೇಳುವವರು ಮನೆಯ ಹಿರಿಯರು. ಉತ್ತರ ಕೊಡಬೇಕಾದವಳು ಹಸಿ ಬಾಣಂತಿ. ಇದನ್ನು ಮೂಢನಂಬಿಕೆಯೆಂದು ನಕ್ಕು ಕಳೆಯುವುದು ವಿದ್ಯಾವಂತರಾದ ನಮಗೆ ಸುಲಭ. ಆದರೆ ನಕ್ಕಮಾತ್ರಕ್ಕೆ ಆ ತಾಯಿಯ ಮೇಲಣ ಆರೋಪ ಇಳಿಯಲಾರದು. ಅದಕ್ಕೆ ಬದಲಾಗಿ, ಈ ಮಾತನ್ನೇ ಒಂದು ಶಾಸ್ತ್ರೀಯ ಊಹೆಯೆಂದು ಕೆಲಹೊತ್ತು ಭಾವಿಸಿ ಪರೀಕ್ಷೆಗೆ ತೊಡಗಿದರೆ, ಜನ್ಮದೋಷಗಳ ಕಾರಣವನ್ನು ಹುಡುಕುವ ಪಂಡಿತರಿಗೆ ಎದುರಾಗುವ ತೊಡಕುಗಳು ಎಂಥವೆಂಬುದು ನಮಗೂ ಗೊತ್ತಾಗುತ್ತದೆ.

1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಕಡೆಯಿಂದ ರಾಯಚೂರಿನತ್ತ ಹಾಯ್ದುಹೋಯಿತು. ನಡುವಣ ನಮ್ಮ ಊರುಗಳೂ ಅದರ ದಾರಿಯಲ್ಲಿದ್ದವು. ಶಿಶುವಿನ ಮೇಲ್ದುಟಿಯಾದರೋ ಗರ್ಭ ನಿಂತ ಸುಮಾರು ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ಎರಡು ಕಡೆಯಿಂದಲೂ ಬೆಳೆದು ಬಂದು ಕೂಡಿಕೊಳ್ಳುತ್ತದೆ. ಕೂಡದೆ ಉಳಿದದ್ದೇ ಸೀಳು. ಆದ್ದರಿಂದ ಆ ಗ್ರಹಣಕ್ಕೆ ತುಟಿಯ ಮೇಲೆ ಏನಾದರೂ ಪ್ರಭಾವವಿದ್ದುದೇ ಆದರೆ, ಅದು ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಹುಟ್ಟಿದ ಕೂಸುಗಳಲ್ಲಿಯೇ ಕಾಣಬೇಕು. ಏಪ್ರಿಲ್‌ನಲ್ಲಿ ಹೆತ್ತವಳು ಗ್ರಹಣದ ದಿನ ಏನನ್ನು ಕೊಯ್ದಿದ್ದರೂ ಆಕೆಯ ಮಗುವಿನ ತುಟಿ ಅಷ್ಟರೊಳಗೆ ಕೂಡಿಯೋ ಸೀಳಿಯೋ ಆಗಿತ್ತು. ಇನ್ನು ಆ ಮೊದಲ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ನಿಶ್ಚಯವಾಗಿರುವುದಿಲ್ಲ. ಗ್ರಹಣದ ಕಟ್ಟುಪಾಡನ್ನು ಅವರು ಆಚರಿಸುವುದಾದರೂ ಹೇಗೆ?

ಎರಡನೆಯ ತೊಡಕು ನೆನಪಿನದು. ನ್ಯೂನತೆಯುಳ್ಳ ಮಗುವಿನ ತಾಯಿ ಆ ಒಂಬತ್ತು ತಿಂಗಳುಗಳನ್ನು ಮನಸ್ಸಿನಲ್ಲಿ ನೂರು ಸಲ ತಿರುವಿಹಾಕಿರುತ್ತಾಳೆ: ನುಂಗಿದ ಗುಳಿಗೆ, ಬಂದ ಜ್ವರ, ಹತ್ತಿಯ ಹೊಲದಲ್ಲಿ ಮೂಗಿಗೆ ಬಡಿದ ಔಷಧಿಯ ವಾಸನೆ. ಪಕ್ಕದ ಮನೆಯವಳೂ ಅದೇ ಗುಳಿಗೆ ನುಂಗಿದ್ದಳು; ಮಗು ನೆಟ್ಟಗೆ ಹುಟ್ಟಿದ್ದರಿಂದ ಮರೆತಳು. ಇಬ್ಬರ ಉತ್ತರಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ, ನಿರಪರಾಧಿಯಾದ ಗುಳಿಗೆಯೂ ಅಪರಾಧಿಯಂತೆ ತೋರುತ್ತದೆ.

ಮೂರನೆಯದು ಸಂಖ್ಯೆಯದು. ಎಲ್ಲ ಬಗೆಯ ಮುಖ್ಯ ಜನ್ಮದೋಷಗಳನ್ನು ಕೂಡಿಸಿದರೆ ನೂರು ಮಕ್ಕಳಲ್ಲಿ ಎರಡು ಮೂರು. ಸೀಳುತುಟಿಯೊಂದನ್ನೇ ಹಿಡಿದರೆ ಸಾವಿರಕ್ಕೆ ಹೆಚ್ಚುಕಡಿಮೆ ಒಂದು. 2011ರ ಜನಗಣತಿಯಂತೆ ಗದಗ-ಬೆಟಗೇರಿಯ ಜನಸಂಖ್ಯೆ ಒಂದು ಲಕ್ಷ ಎಪ್ಪತ್ತೆರಡು ಸಾವಿರ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಕೂಸುಗಳು ಹುಟ್ಟುವುವೆಂದು ಇಟ್ಟುಕೊಳ್ಳೋಣ. ಸೀಳುತುಟಿಯವು ಮೂರು ಇರಬೇಕಾಯಿತು. ಆದರೆ ಯಾವ ವಿಶೇಷ ಕಾರಣವೂ ಇಲ್ಲದೆ, ಕೇವಲ ಆಕಸ್ಮಿಕವಾಗಿಯೇ, ಹನ್ನೆರಡು ವರ್ಷಕ್ಕೊಮ್ಮೆ ಆರು ಅಥವಾ ಅದಕ್ಕೂ ಮಿಕ್ಕಿ ಕಂಡಾವು. ಆ ವರ್ಷ ಊರಲ್ಲೆಲ್ಲ ಗುಲ್ಲೇಳುತ್ತದೆ. ಒಂದೂ ಇಲ್ಲದ ವರ್ಷದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ನಮ್ಮ ಕಡೆಯದೇ ಆದ ಇನ್ನೊಂದು ತೊಡಕನ್ನು ಪಾಶ್ಚಾತ್ಯ ಗ್ರಂಥಗಳಲ್ಲಿ ಹುಡುಕಿ ಫಲವಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ವಾಡಿಕೆ. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಮುಂಡರಗಿಗೆ ಬಂದು ಹೆರುತ್ತಾಳೆ. ಮಗುವಿನ ಲೆಕ್ಕ ಮುಂಡರಗಿಗೆ ಸೇರುತ್ತದೆ. ಮುಂಡರಗಿಯ ಸುತ್ತಿನ ಬಾವಿ, ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಪ್ರಸಿದ್ಧವಾದ ಸಂಗತಿಯಾದ್ದರಿಂದ, ಅನುಮಾನವೂ ಆ ನೀರಿನ ಮೇಲೆಯೇ ಬೀಳಬಹುದು. ಆದರೆ ಅಂಗಾಂಗಗಳು ರೂಪುಗೊಂಡ ಮೊದಲ ಎರಡು ತಿಂಗಳು ಆಕೆ ಕುಡಿದದ್ದು ಲಕ್ಷ್ಮೇಶ್ವರದ ನೀರು!

ಸೋದರಿಕೆಯ ಮದುವೆಯ ಮಾತು ಇಲ್ಲಿ ಬಂದೇ ಬರುತ್ತದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ, ಮಕ್ಕಳನ್ನು ಹೆತ್ತ ದಂಪತಿಗಳ ಪೈಕಿ ಸುಮಾರು ಮೂರರಲ್ಲಿ ಒಂದು ಪಾಲು ರಕ್ತಸಂಬಂಧಿಗಳಾಗಿದ್ದರು. ಅಂಥ ಮದುವೆಯಿಂದ ಅಪಾಯ ಹೆಚ್ಚುವುದು ನಿಜ. ಆದರೂ ಅಂಥವರ ಮಕ್ಕಳಲ್ಲಿ ಬಹುಪಾಲು ನೆಟ್ಟಗಿರುತ್ತಾರೆಂಬುದೂ ಅಷ್ಟೇ ನಿಜ. ಒಂದೇ ಮನೆತನದವರು ರಕ್ತವನ್ನಷ್ಟೇ ಅಲ್ಲ, ಬಾವಿಯನ್ನೂ ಊಟವನ್ನೂ ಬಡತನವನ್ನೂ ಹಂಚಿಕೊಂಡಿರುವುದರಿಂದ ಇವುಗಳನ್ನು ಬೇರ್ಪಡಿಸುವುದು ಕಷ್ಟ. ದಾಖಲೆಗಳು ಅಚ್ಚುಕಟ್ಟಾಗಿರುವ ಅಮೆರಿಕದ ಯೂಟಾ ಪ್ರಾಂತದಲ್ಲಿಯೂ, 2017ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಐದರಲ್ಲಿ ಒಂದು ಪ್ರಕರಣಕ್ಕೆ ಮಾತ್ರ ನಿಶ್ಚಿತವಾದ ಕಾರಣ ಸಿಕ್ಕಿತು.

ಹಾಗೆಂದು ಕಾರಣಗಳು ಸಿಕ್ಕೇ ಇಲ್ಲವೆಂದಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಗುಳಿಗೆ 1961ರಲ್ಲಿ ಸಿಕ್ಕಿಬಿದ್ದಿತು. ಏಕೆಂದರೆ ಅದು ತಂದ ಮೊಂಡುಗೈಗಳು ವೈದ್ಯರು ಜೀವಮಾನದಲ್ಲಿ ಕಂಡರಿಯದಷ್ಟು ವಿರಳವಾಗಿದ್ದವು. ಅದು ಸೀಳುತುಟಿಯನ್ನು ಇಮ್ಮಡಿಗೊಳಿಸಿದ್ದರೆ ಇನ್ನೆಷ್ಟು ವರ್ಷ ಮಾರಾಟವಾಗುತ್ತಿತ್ತೋ! ಫೋಲಿಕ್ ಆಮ್ಲವು ಬೆನ್ನುಹುರಿಯ ದೋಷವನ್ನು ಬಹುಮಟ್ಟಿಗೆ ತಡೆಯುವುದೆಂದು 1991ರಲ್ಲಿ ಪ್ರಯೋಗದಿಂದಲೇ ಸಿದ್ಧವಾಯಿತು. ಒಳಿತನ್ನು ಹೀಗೆ ಕೊಟ್ಟು ನೋಡಬಹುದು. ವಿಷವನ್ನು ಬಸುರಿಯರಿಗೆ ಕೊಟ್ಟು ನೋಡಲಾಗದು.

ಈ ಕೊನೆಯ ಮಾತಿನ ಭಾರವನ್ನು ಹೊತ್ತವರು ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಮೊದಲಾದ ಗ್ರಾಮಗಳ ಜನ. ಅಲ್ಲಿಯ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2000ದ ಹೊತ್ತಿಗೆ ನಿಂತಿತು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ರೋಗಿಗಳಲ್ಲಿ ಕಂಡದ್ದನ್ನು ಹೊರಗೆ ಹೇಳಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು, ಸಿಂಪಡಣೆಯಾಗದ ಊರಿನ ಮಕ್ಕಳೊಡನೆ ಹೋಲಿಸಿ, ಪಡ್ರೆಯಲ್ಲಿ ನ್ಯೂನತೆಗಳು ಹೆಚ್ಚೆಂದು ವರದಿ ಮಾಡಿದರು. ಬೇರೆ ಸಮಿತಿ ಅದನ್ನು ಒಪ್ಪಲಿಲ್ಲ. ಯಾವ ತಾಯಿ ಯಾವ ವಾರದಲ್ಲಿ ಎಷ್ಟು ವಿಷ ಉಸಿರಾಡಿದಳೆಂಬುದಕ್ಕೆ ಲೆಕ್ಕವಿಲ್ಲದಿರುವಾಗ, ಸಂದೇಹ ಎತ್ತುವುದಕ್ಕೆ ಜಾಣತನವೇನೂ ಬೇಕಿಲ್ಲ. ಸುಪ್ರೀಂ ಕೋರ್ಟು ಈ ವಾದ ಮುಗಿಯುವ ತನಕ ಕಾಯಲಿಲ್ಲ. 2011ರ ಮೇ 13ರಂದು ಆ ಔಷಧಿಯನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಇದು ಸರಿಯೆಂದೇ ನಮ್ಮ ಅಭಿಪ್ರಾಯ.

ಈಗ ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರ ಹೆಸರನ್ನು ಮೊದಲ ತಿಂಗಳುಗಳಲ್ಲಿಯೇ ಬರೆಸಿ ತಾಯಿ ಕಾರ್ಡು ಕೊಡಿಸುತ್ತಾರೆ. ಅದರೊಡನೆಯೇ ಆಕೆ ಆಗ ಇದ್ದ ಊರು, ಕುಡಿದ ನೀರು, ದುಡಿದ ಹೊಲ, ಬಂದ ಜ್ವರ, ನುಂಗಿದ ಗುಳಿಗೆಗಳನ್ನೂ ಬರೆದಿಟ್ಟರೆ, ಹೆರಿಗೆಯ ತರುವಾಯ ನೆನಪನ್ನು ಕೆದಕುವ ಕೆಲಸ ಉಳಿಯುವುದಿಲ್ಲ. ತವರಿಗೆ ಹೋಗುವಾಗ ಕಾರ್ಡು ಹೇಗೂ ಆಕೆಯ ಕೈಚೀಲದಲ್ಲಿಯೇ ಹೋಗುತ್ತದೆ.