ತಂಪು, ಕತ್ತಲೆ ಮತ್ತು ಸೇವಂತಿಗೆ

ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳ ಕಡೆಗೆ ರಾತ್ರಿ ಹತ್ತು ಗಂಟೆಯ ಮೇಲೆ ಪ್ರಯಾಣ ಮಾಡಿದವರು ಒಂದು ವಿಚಿತ್ರ ದೃಶ್ಯವನ್ನು ಕಂಡಿರಬಹುದು. ಊರಿಲ್ಲ, ಮನೆಯಿಲ್ಲ, ಜಾತ್ರೆಯಿಲ್ಲ. ಆದರೂ ಬಯಲಿನ ನಡುವೆ ನೂರಾರು ವಿದ್ಯುದ್ದೀಪಗಳು ಸಾಲುಸಾಲಾಗಿ ಉರಿಯುತ್ತಿರುತ್ತವೆ. ದೀಪಗಳ ಕೆಳಗೆ ಮನುಷ್ಯರಾರೂ ಇಲ್ಲ. ಇರುವುದು ಮೊಣಕಾಲೆತ್ತರದ ಸೇವಂತಿಗೆ ಗಿಡಗಳು ಮಾತ್ರ. ಬೆಳಕು ಕೊಟ್ಟರೆ ಗಿಡ ಬೇಗ ಹೂ ಬಿಡುತ್ತದೆಂದು ನೋಡುವವರು ಊಹಿಸುವುದು ಸಹಜ. ನಿಜಸಂಗತಿ ಅದಕ್ಕೆ ತೀರ ವಿರುದ್ಧವಾದುದು: ಆ ದೀಪಗಳನ್ನು ಹಚ್ಚಿರುವುದು ಗಿಡ ಹೂ ಬಿಡದಿರಲೆಂದು.

ಎರಡು ವರ್ಷಗಳ ಕೆಳಗೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಇಂತಹ ಹೊಲವೊಂದರ ತೊಡಕನ್ನು ನಮ್ಮ ಮುಂದಿಟ್ಟನು. ಅವನ ತಂದೆ ಮುಕ್ಕಾಲು ಎಕರೆಯಲ್ಲಿ ಹಳದಿ ಸೇವಂತಿಗೆಯನ್ನು ದೀಪಾವಳಿಯ ಮಾರುಕಟ್ಟೆಗೆಂದು ಬೆಳೆಸಿದ್ದರು. ಸಸಿಗೂ ಗೊಬ್ಬರಕ್ಕೂ ಸಾಲವೆತ್ತಿದ್ದರು. ಗಿಡಗಳು ಬೇಕಾದ ಎತ್ತರಕ್ಕೆ ಬಂದ ಮೇಲೆ ವಾಡಿಕೆಯಂತೆ ದೀಪಗಳನ್ನು ಆರಿಸಿದರು. ನಾಲ್ಕು ವಾರಗಳಲ್ಲಿ ಹೊಲವೆಲ್ಲ ಮೊಗ್ಗಾಯಿತು. ಆದರೆ ರಸ್ತೆಯ ಕಡೆಯ ಮೂಲೆಯಲ್ಲಿ ಮಾತ್ರ ಗಿಡಗಳು ಎಲೆಯ ಮೇಲೆ ಎಲೆ ಬಿಡುತ್ತಲೇ ಹೋದುವು. ನೆಲ ಒಂದೇ, ನೀರು ಒಂದೇ, ಸಸಿ ಬಂದ ತಟ್ಟೆಯೂ ಒಂದೇ. ಇನ್ನೂ ಆಶ್ಚರ್ಯವೆಂದರೆ, ಆ ಹಸಿರು ಮೂಲೆಯ ನಡುವೆ ಕಿರಿದಾದ ಒಂದು ಪಟ್ಟೆಯಲ್ಲಿ ಗಿಡಗಳು ಮೊಗ್ಗು ಹೊತ್ತು ನಿಂತಿದ್ದುವು. ಯಾರದೋ ಕಣ್ಣು ಬಿದ್ದಿದೆಯೆಂದು ಮನೆಯ ಹಿರಿಯರು ತೀರ್ಮಾನಿಸಿದ್ದರು. ಹುಡುಗನಿಗೆ ಆ ತೀರ್ಮಾನ ಒಪ್ಪಿಗೆಯಾಗಿರಲಿಲ್ಲ. ನಾವು ಹೊಲಕ್ಕೆ ಹೋಗಿ ಕಂಡುದನ್ನು ಹೇಳುವ ಮೊದಲು, ಈ ಸೀಮೆಯಲ್ಲಿ ಹೂವಿನ ಬೇಸಾಯ ನೆಲೆಯೂರಿದುದಕ್ಕೆ ಕಾರಣವಾದ ತಂಪನ್ನು ಕುರಿತು ನಾಲ್ಕು ಮಾತು ಹೇಳಬೇಕು.

ಚೆನ್ನೈ ನಗರವೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ. ಸೂರ್ಯನು ಎರಡಕ್ಕೂ ಒಂದೇ ಸಮನಾಗಿ ಬಿಸಿಲನ್ನು ಹಂಚುತ್ತಾನೆ. ಆದರೂ ಜನವರಿಯ ರಾತ್ರಿಗಳಲ್ಲಿ ಚೆನ್ನೈಯ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಂತರೆ ಬೆಂಗಳೂರಿನದು 16ರ ಸಮೀಪಕ್ಕೆ ಇಳಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಎತ್ತರ. ಮೇಲೇರುವ ಗಾಳಿಯ ಮೇಲಿನ ಒತ್ತಡ ಕಡಿಮೆಯಾಗುವುದರಿಂದ ಅದು ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನ ಉಷ್ಣದಿಂದಲೇ ವೆಚ್ಚಮಾಡಿ ತಣ್ಣಗಾಗುತ್ತದೆ. ವಾಯುಮಂಡಲದಲ್ಲಿ ಸರಾಸರಿಯಾಗಿ ಕಿಲೋಮೀಟರಿಗೆ ಆರೂವರೆ ಡಿಗ್ರಿಯಷ್ಟು ಇಳಿತ. ನಮ್ಮ ಪ್ರಸ್ಥಭೂಮಿ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಲೆಕ್ಕಹಾಕಿದರೆ ಆರು ಡಿಗ್ರಿ ಸಿಕ್ಕುತ್ತದೆ. ದೇವನಹಳ್ಳಿಯಿಂದ ಕಣ್ಣಿಗೆ ಕಾಣುವ ನಂದಿಬೆಟ್ಟ 1478 ಮೀಟರ್ ಎತ್ತರವಿರುವುದರಿಂದ ಅಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಕಡಿಮೆ.

ಚಳಿಗಾಲದಲ್ಲಿ ಇದರ ಜೊತೆಗೆ ಇನ್ನೊಂದು ಕ್ರಿಯೆಯೂ ಸೇರುತ್ತದೆ. ಬೆಚ್ಚಗಿರುವ ಯಾವ ವಸ್ತುವೂ ಕಿರಣಗಳನ್ನು ಸೂಸದೆ ಇರಲಾರದು. ಹದಿನೇಳು ಡಿಗ್ರಿಯ ನೆಲ ಚದರ ಮೀಟರಿಗೆ ಸುಮಾರು 400 ವಾಟ್‌ನಂತೆ ಅವರಕ್ತ ಕಿರಣಗಳನ್ನು ಆಕಾಶಕ್ಕೆ ಎಸೆಯುತ್ತಿರುತ್ತದೆ. ಮೋಡವಿದ್ದರೆ ಬಹುಭಾಗ ಹಿಂದಕ್ಕೆ ಬರುತ್ತದೆ. ಧನುರ್ಮಾಸದ ಒಣ ಆಕಾಶ ಅಷ್ಟನ್ನು ಹಿಂದಿರುಗಿಸುವುದಿಲ್ಲ; ನೆಲವೂ ಎಲೆಗಳೂ ನಷ್ಟದಲ್ಲಿಯೇ ಬೆಳಗಿನ ಜಾವವನ್ನು ಮುಟ್ಟುತ್ತವೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣತೆಯಾದ 7.8 ಡಿಗ್ರಿ, 1884ರ ಜನವರಿ 13ರಂದು ಕಂಡುಬಂದಿತು. ಗಾಳಿಗಿಂತ ಎಲೆಯೇ ಹೆಚ್ಚು ತಣ್ಣಗಾಗುವುದರಿಂದ ಅದರ ಮೇಲೆ ಇಬ್ಬನಿ ಕೂಡುತ್ತದೆ. ಇಬ್ಬನಿ ಕವಿಗಳಿಗೆ ಪ್ರಿಯವಾದರೂ ಗುಲಾಬಿ ಬೆಳೆಯುವವನಿಗೆ ಶತ್ರು. ಬೂಜುರೋಗದ ಬೀಜಕಣಗಳು ಮೊಳೆಯಲು ಅದೇ ನೀರು ಸಾಕು. ಈ ಭಾಗದಲ್ಲಿ ನಾವು ಕಾಣುವ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಲ್ಲಿ ಒಂದು ಸ್ವಾರಸ್ಯವಿದೆ. ಗಾಜು ಅವರಕ್ತ ಕಿರಣಗಳನ್ನು ತಡೆಯುತ್ತದೆ, ಸಾಮಾನ್ಯ ಪಾಲಿಥೀನ್ ಹಾಳೆ ಅವುಗಳನ್ನು ಬಹುಮಟ್ಟಿಗೆ ಹೋಗಗೊಡುತ್ತದೆ. ಆದುದರಿಂದ ಗಾಳಿಯಾಡದ ನಿರ್ಮಲ ರಾತ್ರಿಗಳಲ್ಲಿ ಅಂತಹ ಮನೆಯ ಒಳಗು ಹೊರಗಿಗಿಂತಲೂ ತಣ್ಣಗಾಗುವುದುಂಟು.

ಈ ತಂಪಿನಿಂದ ಗಿಡಕ್ಕೇನು ಲಾಭ? ಹಗಲು ಕೂಡಿಟ್ಟ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಟದಲ್ಲಿ ವೆಚ್ಚಮಾಡುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ವೆಚ್ಚ ಸುಮಾರು ಇಮ್ಮಡಿಯಾಗುತ್ತದೆ. ತಂಪಾದ ರಾತ್ರಿಯಲ್ಲಿ ಉಳಿತಾಯವಾದ ಸಕ್ಕರೆಯೇ ಗುಲಾಬಿಯ ದಪ್ಪ ದಂಟಾಗಿ, ಗಾಢವಾದ ಬಣ್ಣವಾಗಿ ಕಾಣಿಸಿಕೊಳ್ಳುತ್ತದೆ. ಕನಕಾಂಬರದಂತಹ ಸೆಕೆಯ ಗಿಡಗಳು ಚಳಿಯಲ್ಲಿ ಮುದುಡುತ್ತವೆಂಬುದು ಬೇರೆ ಮಾತು.

ಆದರೆ ನಮ್ಮದು ನಿಜವಾದ ಶೀತದೇಶವಲ್ಲ ಎಂಬುದನ್ನು ಕೆಲವು ಹೂಗಳು ನಿರ್ದಾಕ್ಷಿಣ್ಯವಾಗಿ ತೋರಿಸಿಕೊಡುತ್ತವೆ. ಶ್ರೀನಗರದಲ್ಲಿ ದಾಲ್ ಸರೋವರದ ಬಳಿ 2007ರಲ್ಲಿ ತೆರೆದ ತೋಟದಲ್ಲಿ ಅರಳುವ ಟ್ಯೂಲಿಪ್ಪನ್ನೇ ತೆಗೆದುಕೊಳ್ಳೋಣ. ಅದರ ಗೆಡ್ಡೆಯೊಳಗೆ ಹೂವಿನ ಎಳೆಮೊಗ್ಗು ಬೇಸಗೆಯಲ್ಲಿಯೇ ಸಿದ್ಧವಾಗಿರುತ್ತದೆ. ಆದರೂ ಹಲವು ವಾರಗಳ ಕಾಲ ಐದಾರು ಡಿಗ್ರಿಯ ಚಳಿಯನ್ನು ಅನುಭವಿಸದೆ ಅದರ ದಂಟು ಮೇಲೇಳುವುದಿಲ್ಲ. ನಮ್ಮ ಮಣ್ಣಿನಲ್ಲಿ ಅದಕ್ಕೆ ಅಷ್ಟು ಚಳಿ ಎಂದೂ ಸಿಕ್ಕದು. ಮೂರು ನಾಲ್ಕು ತಿಂಗಳು ಶೀತಕ ಪೆಟ್ಟಿಗೆಯಲ್ಲಿಟ್ಟು ತೆಗೆದ ಗೆಡ್ಡೆ ಬೇಕಾದರೆ ಒಂದು ಸಾರಿ ಹೂ ಬಿಟ್ಟೀತು. ಜರ್ಮನಿಯ ಗಾಸ್ನರ್ 1918ರಲ್ಲಿ ಚಳಿಗಾಲದ ರೈ ಧಾನ್ಯದಲ್ಲಿ ತೋರಿಸಿದುದೂ ಇದಕ್ಕೆ ಹತ್ತಿರದ ಸಂಗತಿ: ಮೊಳಕೆಯ ವಯಸ್ಸಿನಲ್ಲಿ ಉಂಡ ಚಳಿ ತಿಂಗಳುಗಳ ಮೇಲೆ ತೆನೆಯಾಗಿ ಹೊರಬರುತ್ತದೆ.

ಡೇ ಲಿಲಿಯ ಸ್ವಭಾವ ಇಷ್ಟು ಕಠಿನವಲ್ಲ. ಚೀನ, ಜಪಾನ್, ಕೊರಿಯಗಳ ಕಡೆಯಿಂದ ಬಂದ ಈ ಗಿಡದ ಶಾಸ್ತ್ರೀಯ ನಾಮವಾದ ಹೆಮರೋಕ್ಯಾಲಿಸ್ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ದಿನದ ಚೆಲುವು ಎಂದು ಅರ್ಥ. ಒಂದೊಂದು ಹೂವಿನ ಆಯುಷ್ಯ ಒಂದೇ ದಿನ. ಆದರೆ ಒಂದೇ ದಂಟಿನಲ್ಲಿ ಹಲವು ಮೊಗ್ಗುಗಳಿದ್ದು ಸರದಿಯಂತೆ ಅರಳುವುದರಿಂದ ಗಿಡ ವಾರಗಟ್ಟಲೆ ಬರಿದಾಗುವುದಿಲ್ಲ. ಇದರ ಕೆಲವು ತಳಿಗಳು ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಒಣಗಿಸಿಕೊಂಡು, ಹಿಮದಡಿಯಲ್ಲಿ ಬೇರಾಗಿ ಮಲಗಿ, ವಸಂತದಲ್ಲಿ ಏಳುತ್ತವೆ. ಮತ್ತೆ ಕೆಲವು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ನಮ್ಮ ಮನೆಯಂಗಳಗಳಿಗೆ ಹೊಂದುವುದು ಎರಡನೆಯ ಬಗೆ. ಮಲಗುವ ಬಗೆಯನ್ನು ತಂದು ನೆಟ್ಟರೆ ಅದಕ್ಕೆ ನಿದ್ರೆ ಬರುವಷ್ಟು ಚಳಿ ದೊರೆಯದೆ ವರ್ಷವರ್ಷಕ್ಕೂ ಸೊರಗುತ್ತದೆ. ವಿದೇಶದ ಚಿತ್ರಪಟಗಳನ್ನು ನೋಡಿ ಗಿಡ ಕೊಳ್ಳುವವರು ಇದನ್ನು ವಿಚಾರಿಸುವುದೇ ಇಲ್ಲ. ಆಮೇಲೆ ಮಣ್ಣನ್ನು ದೂರುತ್ತಾರೆ.

ಸೇವಂತಿಗೆ ಚಳಿಗಿಂತ ಹೆಚ್ಚಾಗಿ ಕತ್ತಲೆಯನ್ನು ಅಳೆಯುವ ಗಿಡ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಅವರೆ ಮೊದಲಾದವುಗಳನ್ನು ಪರೀಕ್ಷಿಸಿ, ಹಗಲಿನ ಉದ್ದವೇ ಅನೇಕ ಗಿಡಗಳಿಗೆ ಹೂ ಬಿಡುವ ಕಾಲವನ್ನು ತಿಳಿಸುತ್ತದೆಂದು ಸ್ಥಾಪಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಉದ್ದವಾದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕನ್ನು ತೋರಿಸಿದರೆ ಗಿಡ ಹೂ ಬಿಡುವುದಿಲ್ಲ. ಹಗಲಿನ ನಡುವೆ ಕತ್ತಲೆಯನ್ನು ತೋರಿಸಿದರೆ ಏನೂ ಆಗುವುದಿಲ್ಲ. ಹಾಗಾದರೆ ಗಿಡ ಎಣಿಸುವುದು ಹಗಲನ್ನಲ್ಲ, ಕಡಿವಡೆಯದ ರಾತ್ರಿಯನ್ನು.

ಎಣಿಸುವ ಯಂತ್ರ ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. 660 ನ್ಯಾನೋಮೀಟರಿನ ಕೆಂಪು ಬೆಳಕನ್ನು ಹೀರಿದಾಗ ಅದು ಚುರುಕಾದ ರೂಪಕ್ಕೆ ತಿರುಗುತ್ತದೆ. 730ರ ಸುಮಾರಿನ ಕಡುಗೆಂಪು ಬೆಳಕಿನಲ್ಲಿ ಮತ್ತೆ ಹಳೆಯ ರೂಪಕ್ಕೆ ಬರುತ್ತದೆ. ಕತ್ತಲೆಯಲ್ಲಿಯೂ ಚುರುಕು ರೂಪ ಮೆಲ್ಲಮೆಲ್ಲನೆ ಕರಗುತ್ತದೆ. ಸೇವಂತಿಗೆಯಲ್ಲಿ ಈ ಚುರುಕು ರೂಪ ರಾತ್ರಿಯ ನಡುವೆ ಮತ್ತೆ ಹುಟ್ಟಿಕೊಂಡರೆ ಮೊಗ್ಗಿಗೆ ಅಪ್ಪಣೆ ಸಿಕ್ಕುವುದಿಲ್ಲ. ಬೆಚ್ಚಗಿನ ರಾತ್ರಿಯಲ್ಲಿ ಈ ಕರಗುವಿಕೆ ವೇಗವಾಗುತ್ತದೆಂದೂ, ಆದುದರಿಂದ ಇದೇ ದ್ರವ್ಯ ಗಿಡಕ್ಕೆ ಉಷ್ಣಮಾಪಕವೂ ಆಗಿದೆಯೆಂದೂ 2016ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಕಂಡುಹಿಡಿದರು. ಬೆಳಕು ಬೇರೆ, ತಂಪು ಬೇರೆ ಎಂದು ನಾವು ವಿಂಗಡಿಸಿಕೊಂಡು ಬರೆಯುತ್ತಿದ್ದುದನ್ನು ಸಸ್ಯ ಒಂದೇ ಅಣುವಿನಲ್ಲಿ ಇಟ್ಟುಕೊಂಡಿದೆ.

ಈಗ ನಮ್ಮ ಹೊಲಕ್ಕೆ ಬರೋಣ. ಸೇವಂತಿಗೆಯ ಅನೇಕ ತಳಿಗಳು ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಿದ್ದಾಗ ಮೊಗ್ಗನ್ನು ಬೆಳೆಸುತ್ತವೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಯಷ್ಟು ಉದ್ದ. ಅಲ್ಲಿ ಬೇಸಗೆಯಲ್ಲಿ ಹೂ ಬೇಕಾದವರು ಗಿಡಕ್ಕೆ ಕರಿಯ ಬಟ್ಟೆ ಹೊದಿಸಿ ಕತ್ತಲೆ ಮಾಡಬೇಕು. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 21 ನಿಮಿಷ. ಎಂದರೆ ನಮ್ಮ ಸೇವಂತಿಗೆಗೆ ವರ್ಷವಿಡೀ ಚಿಕ್ಕ ಹಗಲೇ. ನೆಟ್ಟ ಸಸಿ ಗೇಣುದ್ದ ಬೆಳೆಯುವಷ್ಟರಲ್ಲಿ ಮೊಗ್ಗಿಗೆ ಹೊರಟುಬಿಟ್ಟರೆ ರೈತನಿಗೆ ಇಳುವರಿ ಎಲ್ಲಿಂದ ಬರಬೇಕು? ಅದಕ್ಕಾಗಿ ರಾತ್ರಿ ಹತ್ತರಿಂದ ಎರಡರವರೆಗೆ ದೀಪ. ಹನ್ನೆರಡು ಗಂಟೆಯ ರಾತ್ರಿ ಆಗ ನಾಲ್ಕು ನಾಲ್ಕು ಗಂಟೆಗಳ ಎರಡು ತುಂಡಾಗುತ್ತದೆ. ಗಿಡ ಅದನ್ನು ರಾತ್ರಿಯೆಂದು ಒಪ್ಪುವುದಿಲ್ಲ. ಹಬ್ಬದಿಂದ ಹಿಂದಕ್ಕೆ ಒಂಬತ್ತು ಹತ್ತು ವಾರಗಳನ್ನು ಎಣಿಸಿ ದೀಪವನ್ನು ಆರಿಸಿದರೆ ಹೂ ಹಬ್ಬಕ್ಕೆ ಸರಿಯಾಗಿ ಬರುತ್ತದೆ, ರಾತ್ರಿಗಳು ತಂಪಾಗಿದ್ದರೆ. ಸೆಕೆ ಹೆಚ್ಚಿದರೆ ಮೊಗ್ಗು ತಡವಾಗುತ್ತದೆ. ಇಲ್ಲಿ ಎತ್ತರದ ಉಪಕಾರ ಮತ್ತೆ ಕಾಣುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳು ದೀಪದ ಲೆಕ್ಕವನ್ನೂ ನೋಡಬಹುದು. ಹಳೆಯ ತಂತಿಯ ಬಲ್ಬಿನ ತಂತು 2700 ಕೆಲ್ವಿನ್ ಉಷ್ಣತೆಯಲ್ಲಿ ಉರಿಯುವುದರಿಂದ ಅದರ ಕಿರಣಗಳ ಶಿಖರ 1070 ನ್ಯಾನೋಮೀಟರಿನಲ್ಲಿ, ಎಂದರೆ ಕಣ್ಣಿಗೂ ಫೈಟೋಕ್ರೋಮಿಗೂ ನಿಲುಕದ ಅವರಕ್ತದಲ್ಲಿ, ಬೀಳುತ್ತದೆ. ಅರವತ್ತು ವಾಟ್‌ನ ಅಂತಹ ಬಲ್ಬಿನಷ್ಟು ಬೆಳಕನ್ನು ಒಂಬತ್ತು ವಾಟ್‌ನ ಎಲ್‌ಇಡಿ ಕೊಡಬಲ್ಲುದು. ಇನ್ನೂ ಒಂದು ಉಪಾಯವುಂಟು: ಚುರುಕು ರೂಪ ಕೂಡಲೇ ಕರಗದಿರುವುದರಿಂದ ನಾಲ್ಕು ಗಂಟೆಯೂ ದೀಪ ಉರಿಸಬೇಕಾಗಿಲ್ಲ, ಅರ್ಧ ಗಂಟೆಗೆ ಆರು ನಿಮಿಷದಂತೆ ಉರಿಸಿದರೂ ಕೆಲಸ ನಡೆಯುತ್ತದೆ. ವಿದ್ಯುತ್ತಿನ ವೆಚ್ಚ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ನಾವು ಹೇಳಿದಾಗ ಆ ರೈತರು ನಂಬಲಿಲ್ಲ. ನಂಬಿ ಕೆಟ್ಟರೆ ನಷ್ಟ ಅವರದೇ ಆದ್ದರಿಂದ ನಾವೂ ಒತ್ತಾಯಿಸಲಿಲ್ಲ.

ಹಗಲಿನಲ್ಲಿ ನೋಡಿದಾಗ ಆ ಹಸಿರು ಮೂಲೆಯ ಗುಟ್ಟು ನಮಗೂ ತಿಳಿಯಲಿಲ್ಲ. ರಾತ್ರಿ ಎಂಟು ಗಂಟೆಗೆ ಮತ್ತೆ ಹೋದಾಗ ಯಾರೂ ವಿವರಿಸಬೇಕಾಗಿರಲಿಲ್ಲ. ಹೊಲದಂಚಿನ ರಸ್ತೆಯಲ್ಲಿ ಆ ಮಳೆಗಾಲದಲ್ಲಿ ಹೊಸದಾಗಿ ಒಂದು ಬೀದಿದೀಪವನ್ನು ನೆಟ್ಟಿದ್ದರು. ಅದಕ್ಕೂ ಹೊಲಕ್ಕೂ ನಡುವೆ ಒಂದು ಹಲಸಿನ ಮರ. ಬೊಡ್ಡೆಯ ನೆರಳು ಸಾಲುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು, ಮೊಗ್ಗು ಬಂದ ಪಟ್ಟೆ ಆ ನೆರಳಿನೊಳಗೇ ಇತ್ತು. ಮಾಪಕವಿಟ್ಟು ನೋಡಿದೆವು: ಬೆಳಕಿನಲ್ಲಿ 20 ಲಕ್ಸ್, ನೆರಳಿನಲ್ಲಿ ಮುಳ್ಳು ಅಲುಗಲಿಲ್ಲ. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಎಂಬುದನ್ನು ನೆನೆದರೆ ಇದು ಬೆಳಕೇ ಅಲ್ಲ. ಆದರೆ ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಮಾತ್ರ; ಕೋಟ್ಯಂತರ ವರ್ಷ ಬೆಳದಿಂಗಳಿಗಷ್ಟೇ ಒಗ್ಗಿ ಬಂದ ಗಿಡಕ್ಕೆ ಇಪ್ಪತ್ತು ಲಕ್ಸ್ ಇಡೀ ರಾತ್ರಿ ಬಿದ್ದರೆ ಅದು ರಾತ್ರಿಯಲ್ಲ.

ದಾರಿಹೋಕರಿಗೆ ಆ ದೀಪ ಬೇಕಾದುದೇ. ಅದನ್ನು ಕೀಳಿಸುವ ಮಾತು ಬರಲಿಲ್ಲ. ಹೊಲದ ಕಡೆಗೆ ಒಂದು ತಗಡಿನ ಮರೆ ಕಟ್ಟಿಸಲು ಒಪ್ಪಿಗೆ ಸಿಕ್ಕುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮರೆ ಕಟ್ಟಿದ ಇಪ್ಪತ್ತಾರನೆಯ ದಿನ ಹುಡುಗ ಮೊಗ್ಗಿನ ಒಂದು ಕುಡಿಯನ್ನು ತರಗತಿಗೆ ತಂದನು. ಆ ಮೂಲೆಯ ಹೂ ಅರಳಿದುದು ದೀಪಾವಳಿ ಕಳೆದ ಮೇಲೆ. ಹಬ್ಬದ ಬೆಲೆಯ ಅರ್ಧವೂ ಅದಕ್ಕೆ ಸಿಗಲಿಲ್ಲ. ಮುಂದಿನ ವರ್ಷ ಆ ಹತ್ತು ಸಾಲುಗಳಲ್ಲಿ ಅವರು ಸುಗಂಧರಾಜವನ್ನು ನೆಟ್ಟರು.