ಹೊಸ್ತಿಲೊಳಗೆ ದೇವರು, ಹೊರಗೆ ಗಲ್ಲಿ

ದಶಾಶ್ವಮೇಧದ ತರಕಾರಿ ಮಾರುಕಟ್ಟೆಯ ಗದ್ದಲ ಬಿಟ್ಟು ದಕ್ಷಿಣಕ್ಕೆ ಹೊರಳಿದರೆ ಆಕಾಶ ಒಮ್ಮೆಲೇ ಕಿರಿದಾಗುತ್ತದೆ. ಎರಡೂ ಬದಿಗೆ ಮೂರು, ನಾಲ್ಕು ಅಂತಸ್ತಿನ ಹಳೆಯ ಮನೆಗಳು. ನಡುವೆ ಕಲ್ಲುಚಪ್ಪಡಿ ಹಾಸಿದ ಗಲ್ಲಿ. ಎದುರಿನಿಂದ ಗೂಳಿ ಬಂದರೆ ಯಾರದಾದರೂ ಜಗಲಿ ಹತ್ತಿ ನಿಲ್ಲಬೇಕು. ಬೈಕು ಬಂದರೆ ಗೋಡೆಗೆ ಬೆನ್ನು ಹಚ್ಚಬೇಕು. ಇದು ಕಾಶಿಯ ಬಂಗಾಲಿ ಟೋಲಾ. ಘಾಟುಗಳ ಬೆನ್ನಿಗೆ ಆತುಕೊಂಡು, ಚೌಸಟ್ಠಿ ಘಾಟಿಗೊಂದು, ಪಾಂಡೆ ಘಾಟಿಗೊಂದು, ಕೇದಾರ ಘಾಟಿಗೊಂದು ಎಂದು ಕವಲು ಬಿಡುತ್ತ ಸೋನಾರ್‌ಪುರದ ಕಡೆ ಸಾಗುತ್ತದೆ. ನದಿ ಕೂಗಳತೆಯಲ್ಲಿದೆ, ಕಾಣುವುದಿಲ್ಲ. ಕವಲಿನ ತುದಿಯಲ್ಲಿ ಒಮ್ಮೊಮ್ಮೆ ಬೆಳಕಿನ ಸೀಳೊಂದು ಹೊಳೆದರೆ ಅದೇ ಗಂಗೆ.

ಬೆಳಗಿನ ಹೊತ್ತು ಇಲ್ಲಿ ಗೋಡೆಗಳೂ ಸ್ನಾನ ಮಾಡುತ್ತವೆ. ಮನೆಯ ಮೂಲೆಯ ಗೂಡಿನಲ್ಲಿ ಸಿಂಧೂರ ಮೆತ್ತಿಸಿಕೊಂಡ ಗಣಪತಿ, ಕಿಟಕಿಯ ಕೆಳಗೆ ಅರ್ಧ ನೆಲದಲ್ಲಿ ಹೂತ ಲಿಂಗ, ಅಂಗಡಿಯ ಕಟ್ಟೆಗೆ ಅಂಟಿಕೊಂಡ ಹನುಮಂತ. ಹೊಳೆಯಿಂದ ಬರುವವರು ಚೊಂಬಿನಲ್ಲಿ ಉಳಿದ ನೀರನ್ನು ದಾರಿಯುದ್ದಕ್ಕೂ ಇವರಿಗೆ ಹನಿಸುತ್ತ ಹೋಗುತ್ತಾರೆ. ಕಚೋರಿಯ ಬಾಣಲೆ ಕಾಯುತ್ತದೆ. ಬಿಳಿ ಸೀರೆಯ ಮುದುಕಿಯೊಬ್ಬಳು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಯಾವುದೋ ಮಹಡಿಯಿಂದ ಶಂಖ, ಅದರ ಹಿಂದೆಯೇ ಬಂಗಾಲಿ ಹೆಂಗಸರ ಉಲು ಧ್ವನಿ. ನಸುಕಿನಲ್ಲಾದರೆ ಇವೆಲ್ಲಕ್ಕೂ ಮೊದಲು ಪಕ್ಕದ ಮದನಪುರದಿಂದ ಬಾಂಗು ಕೇಳಿರುತ್ತದೆ. ಗಲ್ಲಿಯ ವಸತಿಗೃಹಗಳ ಬೋರ್ಡುಗಳಲ್ಲಿ ಬಂಗಾಲಿ, ಹಿಂದಿ, ಇಂಗ್ಲಿಷಿನ ಜೊತೆಗೆ ಈಗ ಕೊರಿಯನ್, ಜಪಾನಿ ಅಕ್ಷರಗಳೂ ಇವೆ.

ಬಂಗಾಲದವರು ಇಲ್ಲಿಗೆ ಬಂದದ್ದು ಹೆಚ್ಚಾಗಿ ಸಾಯಲಿಕ್ಕೆ. ಕಾಶಿಯಲ್ಲಿ ಪ್ರಾಣ ಬಿಟ್ಟರೆ ಮುಕ್ತಿ ಎಂಬ ನಂಬಿಕೆಯಿಂದ. ನಾಟೋರಿನ ರಾಣಿ ಭವಾನಿಯಂಥವರು 18ನೇ ಶತಮಾನದಲ್ಲಿ ಗುಡಿ ಕಟ್ಟಿಸಿದರು, ಜಮೀನ್ದಾರರು ಮನೆ ಕಟ್ಟಿಸಿದರು, ವಿಧವೆಯರು ಆ ಮನೆಗಳ ಕತ್ತಲ ಕೋಣೆಗಳಲ್ಲಿ ದಿನ ನೂಕಿದರು. ಮುಕ್ತಿಯ ಊರು ಬದುಕಿರುವವರಿಗೆ ಯಾವಾಗಲೂ ದಯೆ ತೋರಿಸಿದ್ದಲ್ಲ. 1900ರಲ್ಲಿ ಬೀದಿಯಲ್ಲಿ ಬಿದ್ದಿದ್ದ ಮುದುಕಿಯೊಬ್ಬಳಿಗಾಗಿ ಜಾಮಿನಿ ರಂಜನ್ ಮಜುಂದಾರ್ ಎಂಬ ತರುಣ ನಾಲ್ಕಾಣೆ ಬೇಡಿ ತಂದು ಉಣಿಸಿದ. ವಿವೇಕಾನಂದರ ಮಾತಿನಿಂದ ಉರಿದೆದ್ದ ಅವನ, ಅವನ ಗೆಳೆಯರ ಕೆಲಸವೇ ಮುಂದೆ ಲಕ್ಸಾದ ರಾಮಕೃಷ್ಣ ಮಿಷನ್ ಸೇವಾಶ್ರಮವಾಯಿತು, ಆಸ್ಪತ್ರೆಯಾಯಿತು. ಯಾರ ದೇವರು ಯಾವುದು ಎಂದು ಕೇಳುವ ಮೊದಲು ಹಸಿವೆ ಕೇಳಿದ ನಂಬಿಕೆ ಅದು. ನನಗೆ ಈ ಪೇಟೆಯ ಎಲ್ಲ ಗೋಪುರಗಳಿಗಿಂತ ಆ ನಾಲ್ಕಾಣೆ ದೊಡ್ಡದು.

ಇದೇ ಗಲ್ಲಿಗಳ ಒಳಗೆ ಗರುಡೇಶ್ವರ ಮೊಹಲ್ಲೆಯಲ್ಲಿ ಶ್ಯಾಮಾಚರಣ ಲಾಹಿರಿ ಇದ್ದರು. ಸೈನ್ಯದ ಇಂಜಿನಿಯರಿಂಗ್ ಇಲಾಖೆಯಲ್ಲಿ ಲೆಕ್ಕಪತ್ರದ ನೌಕರಿ, ಹೆಂಡತಿ, ಮಕ್ಕಳು. 1861ರಲ್ಲಿ ರಾಣಿಖೇತದ ಬೆಟ್ಟಗಳಲ್ಲಿ ಗುರು ಸಿಕ್ಕು ಕ್ರಿಯಾಯೋಗದ ದೀಕ್ಷೆಯಾಯಿತು. ಆಮೇಲೂ ಅವರು ಕಾವಿ ತೊಡಲಿಲ್ಲ, ಆಶ್ರಮ ಕಟ್ಟಲಿಲ್ಲ. ಹಗಲು ಕಚೇರಿಯ ಲೆಕ್ಕ, ಸಂಜೆ ತಮ್ಮ ಮನೆಯ ಪಡಸಾಲೆಯಲ್ಲಿ ಬಂದವರಿಗೆ ಧ್ಯಾನದ ಪಾಠ. 1895ರಲ್ಲಿ ತೀರಿಕೊಳ್ಳುವವರೆಗೂ ಗೃಹಸ್ಥರಾಗಿಯೇ ಇದ್ದರು. ಅವರ ಮುಂದುವರಿದ ಶಿಷ್ಯರಲ್ಲಿ ಅಬ್ದುಲ್ ಗಫೂರ್ ಖಾನ್ ಎಂಬ ಮುಸಲ್ಮಾನನಿದ್ದ ಎಂದು ಪರಮಹಂಸ ಯೋಗಾನಂದರು 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆತನಿಗೆ ಧರ್ಮ ಬಿಡು ಎಂದು ಗುರು ಹೇಳಲಿಲ್ಲ. ಮುಸಲ್ಮಾನ ನಮಾಜು ಮಾಡಲಿ, ಕ್ರೈಸ್ತ ಮೊಣಕಾಲೂರಿ ಪ್ರಾರ್ಥಿಸಲಿ, ಹಿಂದೂ ತನ್ನ ಆಸನದಲ್ಲಿ ಕೂರಲಿ; ಧ್ಯಾನ ಅದರ ಜೊತೆಗೆ ನಡೆಯಲಿ ಎಂಬುದು ಅವರ ನಡೆ. ಬ್ರಾಹ್ಮಣರ ಮಡಿ ಬಿಗಿಯಾಗಿದ್ದ ಕಾಲ, ಮಡಿಗೇ ಹೆಸರಾದ ಊರು. ಅಲ್ಲಿ ಒಬ್ಬ ಗುಮಾಸ್ತನ ಹೊಸ್ತಿಲು ಇಷ್ಟು ಅಗಲವಾಗಿತ್ತು. ಖಾನ್ ಒಳಗೆ ಹೋದದ್ದಕ್ಕೆ, ಮತ್ತೆ ಹೊರಬಂದು ತನ್ನ ನಮಾಜಿಗೆ ನಡೆದದ್ದಕ್ಕೆ ಯಾವ ಕಚೇರಿಯ ರುಜುವೂ ಬೇಕಾಗಲಿಲ್ಲ.

ಮದನಪುರಕ್ಕೆ ಹತ್ತಿದಂತಿರುವ ಹಳೆಯ ದುರ್ಗಾಬಾರಿಯ ಕಥೆ ಬೇರೆ. 1767ರಲ್ಲಿ ಹೂಗ್ಲಿ ಕಡೆಯಿಂದ ಬಂದ ಮುಖರ್ಜಿ ಮನೆತನ ನವರಾತ್ರಿಗೆ ಮಣ್ಣು, ಹುಲ್ಲು, ಬಿದಿರಿನ ದುರ್ಗೆಯನ್ನು ಕೂರಿಸಿತು. ವಿಜಯದಶಮಿಯ ದಿನ ಗಂಗೆಗೆ ಒಯ್ಯಲು ಎತ್ತಿದರೆ ದೇವಿ ಕದಲಲಿಲ್ಲವಂತೆ. ರಾತ್ರಿ ಯಜಮಾನನ ಕನಸಿನಲ್ಲಿ ಬಂದು, ನಾನು ಇಲ್ಲೇ ಇರುತ್ತೇನೆ, ದಿನಕ್ಕಿಷ್ಟು ಕಡಲೆ ಬೆಲ್ಲ ಸಾಕು ಎಂದಳಂತೆ. ಹೋಗುವುದಕ್ಕೆಂದೇ ಮಾಡಿದ ಮಣ್ಣಿನ ಮೂರ್ತಿ ಎರಡೂವರೆ ಶತಮಾನ ದಾಟಿ ಕೂತಿದೆ. ಉಳಿದ ದುರ್ಗೆಯರೆಲ್ಲ ಡೋಲು, ಧೂಪದ ಹೊಗೆಯ ನಡುವೆ ಬೀದಿಗಿಳಿಯುವಾಗ ಈಕೆ ಮನೆಯಲ್ಲೇ ಉಳಿಯುತ್ತಾಳೆ.

ಬೀದಿಗಿಳಿದ ಮೇಲೆಯೇ ಈ ಊರಿನ ಕಷ್ಟ ಇರುವುದು. ಟೋಲಾದ ಪಶ್ಚಿಮಕ್ಕೆ ಕೆಲವು ಹೆಜ್ಜೆ ಇಟ್ಟರೆ ಮುಖ್ಯರಸ್ತೆ, ದಾಟಿದರೆ ಮದನಪುರ: ಅನ್ಸಾರಿ ನೇಕಾರರ, ರೇಷ್ಮೆ ವ್ಯಾಪಾರಿಗಳ ಕೇರಿ. 1977ರ ಅಕ್ಟೋಬರಿನಲ್ಲಿ ದುರ್ಗೆಯ ಮೆರವಣಿಗೆ ಈ ಕೇರಿಯ ಮೂಲಕ ಹೋಗುವ ವಿಷಯಕ್ಕೆ ಗಲಭೆ ಹೊತ್ತಿತು. 1991ರ ನವೆಂಬರಿನಲ್ಲಿ ಕಾಳಿಯ ಮೆರವಣಿಗೆ ಇಲ್ಲಿ ಹಾದಾಗ ಮತ್ತೆ ರಕ್ತ ಹರಿಯಿತು, ಕರ್ಫ್ಯೂ ಬಿತ್ತು. ಕರ್ಫ್ಯೂ ಎಂದರೆ ದಿನಗೂಲಿಯ ನೇಕಾರನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಎರಡೂ ಸಲ ಜಗಳ ದೇವರ ಬಗ್ಗೆಯಲ್ಲ, ದಾರಿಯ ಬಗ್ಗೆ. ನನ್ನ ದೇವರನ್ನು ನಾನು ಪೂಜಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಿನ್ನ ಬಾಗಿಲ ಮುಂದೆ ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂಬಲ್ಲಿ ಭಕ್ತಿ ಬಲಪ್ರದರ್ಶನವಾಗಿ ತಿರುಗಿತು.

ಆದರೂ ಇದೇ ನೇಕಾರರಿಗೆ ಅಗಹನಿ ಜುಮ್ಮಾ ಎಂಬ ಒಂದು ಶುಕ್ರವಾರವಿದೆ. ಅಗಹನ್ ಎಂದರೆ ನಮ್ಮ ಮಾರ್ಗಶಿರ. ಆ ತಿಂಗಳಲ್ಲಿ ಬನಾರಸದ ನೇಕಾರರು ಮಗ್ಗ ನಿಲ್ಲಿಸಿ ಪುರಾನಾ ಪುಲ್‌ನ ಈದ್ಗಾದಲ್ಲಿ ನೆರೆದು ಮಳೆ, ಬೆಳೆ, ದುಡಿಮೆ ಚೆನ್ನಾಗಿರಲಿ ಎಂದು ನಮಾಜು ಮಾಡುತ್ತಾರೆ. ಹಿಂದೆ ಬರ ಬಂದಾಗ ಶುರುವಾದ ಪದ್ಧತಿ ಎನ್ನುತ್ತಾರೆ. ಮರಳುವಾಗ ರೈತರಿಂದ ಕಬ್ಬು ಕೊಂಡು ಹೆಗಲಿಗೇರಿಸಿಕೊಂಡು ಮನೆಗೆ ಹೋಗುತ್ತಾರೆ. ಮುಸಲ್ಮಾನರ ಪ್ರಾರ್ಥನೆ ಹಿಂದೂ ಪಂಚಾಂಗದ ತಿಂಗಳಿಗೆ ಕಾಯುತ್ತದೆ. ಇದನ್ನು ಯಾರೂ ಭಾಷಣ ಮಾಡಿ ಏರ್ಪಡಿಸಿದ್ದಲ್ಲ, ಹೊಲ ಮತ್ತು ಮಗ್ಗದ ನಂಟು ತಾನಾಗಿ ಮಾಡಿಕೊಂಡ ಏರ್ಪಾಡು.

ಗಲ್ಲಿಯ ದಕ್ಷಿಣಕ್ಕೆ ಹೋದಂತೆ ಬಂಗಾಲಿ ತೆಳುವಾಗಿ ತಮಿಳು ಕಿವಿಗೆ ಬೀಳುತ್ತದೆ. ಕೇದಾರ ಘಾಟಿನ ಮೇಲೆ ಕೆಂಪು ಬಿಳಿ ಪಟ್ಟೆಯ ಗುಡಿ, ಅದರ ಜೊತೆಗೆ ಕುಮಾರಸ್ವಾಮಿ ಮಠ. 17ನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ಕವಿ, ಸನ್ಯಾಸಿ ಕುಮಾರಗುರುಪರರ್ ಇಲ್ಲಿ ನೆಲೆ ಕೇಳಲು ಮೊಗಲ್ ಅಧಿಕಾರಿಯ ಬಳಿ ಹೋದರೆಂದೂ, ಸರಸ್ವತಿಯ ಕೃಪೆಯಿಂದ ಆ ಅಧಿಕಾರಿಯ ಭಾಷೆ ಕಲಿತು, ಸಿಂಹದ ಮೇಲೆ ಸವಾರಿ ಮಾಡಿಕೊಂಡು ದರ್ಬಾರಿಗೆ ನಡೆದರೆಂದೂ ಐತಿಹ್ಯ. ಸಿಂಹವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಕಥೆಯ ತಿರುಳು ನಿಜ: ಗುಡಿ ಕಟ್ಟಲು ದೊರೆಯನ್ನು ಮೆಚ್ಚಿಸಬೇಕಿತ್ತು.

ನಮ್ಮವರ ಜಂಗಮವಾಡಿ ಮಠವೂ ಇಲ್ಲೇ, ಗೋದೌಲಿಯಾದಿಂದ ಮದನಪುರಕ್ಕೆ ಹೋಗುವ ರಸ್ತೆಯಲ್ಲಿ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿಯ ಜ್ಞಾನಪೀಠ. ಒಳಗೆ ಹೋದರೆ ಎಲ್ಲಿ ನೋಡಿದರೂ ಲಿಂಗ: ಅಂಗಳದಲ್ಲಿ, ಗೋಡೆಯ ಸಾಲಿನಲ್ಲಿ, ಮೂಲೆಗಳಲ್ಲಿ ಒತ್ತೊತ್ತಾಗಿ. ತೀರಿಕೊಂಡವರ ಹೆಸರಿನಲ್ಲಿ ಇಲ್ಲಿ ಪಿಂಡವಿಡುವುದಿಲ್ಲ, ಲಿಂಗ ಕೊಡುತ್ತಾರೆ. ಈ ಮಠ ಜೋಪಾನ ಮಾಡಿಕೊಂಡು ಬಂದ ಫರ್ಮಾನುಗಳಲ್ಲಿ ಅಕ್ಬರ್‌ನಿಂದ ಔರಂಗಜೇಬ್‌ವರೆಗಿನ ಬಾದಶಹರ ಭೂದಾನದ ಆಜ್ಞೆಗಳಿವೆ. 1669ರಲ್ಲಿ ವಿಶ್ವನಾಥನ ಗುಡಿ ಕೆಡವಲು ಅಪ್ಪಣೆ ಕೊಟ್ಟ ದೊರೆಯೇ ಕೆಲವೇ ಬೀದಿಗಳ ಆಚೆಯ ಜಂಗಮರ ಜಮೀನನ್ನು ಕಾಯುವ ಆಜ್ಞೆಯನ್ನೂ ಕೊಟ್ಟ. ಈ ಎರಡರಲ್ಲಿ ಒಂದನ್ನೇ ಎತ್ತಿ ಹಿಡಿದು ವಾದಿಸುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ನನಗೆ ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ: ಕೊಟ್ಟ ಕೈಗೆ ಕಸಿಯುವ ಶಕ್ತಿಯೂ ಇತ್ತು. ಅರಸನ ಕೃಪೆ ಇರುವವರೆಗೆ ಮಾತ್ರ ಬೆಳಗುವ ದೀಪ ನೆಮ್ಮದಿಯ ದೀಪವಲ್ಲ.

ಸಂವಿಧಾನದ 25ನೇ ವಿಧಿ ಆ ಕೃಪೆಯನ್ನು ಹಕ್ಕಾಗಿ ಮಾಡಿತು. ಅದರ ಅರ್ಥ ಮೊದಲು ಬಿಡಿಸಿದ ದೊಡ್ಡ ಮೊಕದ್ದಮೆ ನಮ್ಮ ಉಡುಪಿಯ ಶೀರೂರು ಮಠದ್ದು. 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದೆಂದು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು, ಸರ್ಕಾರ ಹಣಕಾಸಿನಂಥ ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಬಹುದು ಎಂದಿತು. ಕಾಶಿಗೂ ತನ್ನದೇ ಮೊಕದ್ದಮೆಯಿದೆ. ದೋಷೀಪುರದ ಕೆಲವು ನಿವೇಶನಗಳಲ್ಲಿ ಷಿಯಾಗಳು ತಮ್ಮ ಆಚರಣೆ ನಡೆಸಬಹುದೇ ಎಂದು ಸುನ್ನಿಗಳೊಡನೆ 19ನೇ ಶತಮಾನದಿಂದ ನಡೆದ ವ್ಯಾಜ್ಯ. ಷಿಯಾಗಳ ಹಕ್ಕು ನ್ಯಾಯಾಲಯಗಳಲ್ಲಿ ಗೆಲ್ಲುತ್ತಿದ್ದರೂ, ಶಾಂತಿ ಕೆಡುತ್ತದೆಂದು 144ನೇ ಸೆಕ್ಷನ್ ಹಾಕಿ ಅಧಿಕಾರಿಗಳು ಅವರನ್ನೇ ತಡೆಯುತ್ತಿದ್ದರು. 1981ರಲ್ಲಿ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ತಿದ್ದಿತು: ಆ ಅಧಿಕಾರ ಬಳಕೆಯಾಗಬೇಕಾದದ್ದು ಹಕ್ಕಿನ ರಕ್ಷಣೆಗೆ. ಗದ್ದಲದ ಬೆದರಿಕೆ ಹಾಕಿದವನ ಮಾತೇ ನಡೆಯಬಾರದು. ಗಲ್ಲಿಯನ್ನು ಎಲ್ಲರಿಗೂ ತೆರೆದಿಡುವುದೇ ಸರ್ಕಾರದ ಕೆಲಸ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಗಿರುವಾಗ ಸರ್ಕಾರ ಹೊಸ್ತಿಲು ದಾಟಿ ಒಳಬಂದರೆ ಮನಸ್ಸು ಕಳವಳಗೊಳ್ಳುತ್ತದೆ. ಉತ್ತರ ಪ್ರದೇಶದ 2021ರ ಕಾಯ್ದೆಯ ಪ್ರಕಾರ ಧರ್ಮ ಬದಲಿಸಬೇಕೆನ್ನುವವರು 60 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು; ಪೊಲೀಸರಿಂದ ವಿಚಾರಣೆಯಾಗಬೇಕು. ಬಲವಂತ, ಮೋಸ ತಪ್ಪೇ. ಅದಕ್ಕೆ ಶಿಕ್ಷೆ ಇರಲಿ. ಆದರೆ ತನ್ನ ಮನಸ್ಸು ಯಾವ ದೇವರ ಕಡೆ ವಾಲಿತೆಂದು ಪ್ರಜೆ ಅರ್ಜಿ ಬರೆದು ಕಾಯುವ ಸ್ಥಿತಿ, ದರ್ಬಾರಿನ ಮುಂದೆ ನಿಂತಿದ್ದ ಆ ತಮಿಳು ಸನ್ಯಾಸಿಯ ಸ್ಥಿತಿಯಿಂದ ಎಷ್ಟು ದೂರ?

ಜಂಗಮವಾಡಿಯ ಅಂಗಳದಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ಬರು ಕಂಬಕ್ಕೊರಗಿ ಕೂತಿದ್ದರು. ಹಣೆ ತುಂಬ ವಿಭೂತಿ.

"ಯಾವ ಊರಿಂದ ಬಂದ್ರಿ ಅಜ್ಜೀ?"

"ಸಿಂದಗಿ ಕಡೇರು ಯಪ್ಪಾ. ನಮ್ಮ ಮನಿಯವರ ಹೆಸರ್ಲೆ ಲಿಂಗ ಕೊಡಾಕ ಬಂದೇವು. ಪಿಂಡ ಗಿಂಡ ನಮ್ಮಲ್ಲಿ ಇಲ್ಲಪಾ. ಲಿಂಗದಾಗ ಹೋದವರು ಲಿಂಗದಾಗ ಅದಾರ." ಒಂದು ಗಳಿಗೆ ಸುಮ್ಮನಿದ್ದು ಸೊಸೆಯ ಕಡೆ ತಿರುಗಿದರು. "ಏಳವಾ, ಮೊಮ್ಮಗಳ ಮದಿವಿಗೆ ಸೀರಿ ನೋಡೂದೈತಿ."

ಮದನಪುರದ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಕೂತು ಅಜ್ಜಿ ಜರಿಯನ್ನು ಉಗುರಿನಿಂದ ಕೆದಕಿ ನೋಡಿದರು, ಸೆರಗನ್ನು ಬೆಳಕಿಗೆ ಹಿಡಿದರು, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದರು. ಅಂಗಡಿಯವರು ತಲೆಯಾಡಿಸುವಷ್ಟರಲ್ಲಿ ಮಧ್ಯಾಹ್ನದ ಬಾಂಗು ಕೂಗಿತು. ಅವರು ಟೋಪಿ ಹಾಕಿಕೊಂಡು, ಹತ್ತೇ ನಿಮಿಷ ಮಾತಾಜೀ, ಎಂದು ಹುಡುಗನನ್ನು ಕೂರಿಸಿ ಎದ್ದರು. ಅಜ್ಜಿ ನನ್ನ ಕಡೆ ನೋಡಿ ಹೇಳಿದರು:

"ಹೋಗಿ ಬರಲೇಳು ಪಾಪ, ಅವರ ದೇವರ ಹೊತ್ತು. ಅಲ್ಲೀತನ ಆ ಹಸರು ದಡೀದು ಇನ್ನೆರಡು ತಗದು ತೋರಸಂತ ಈ ಹುಡುಗಗ ಹೇಳು. ರೇಟ್ ಮಾತ್ರ ನಾ ಬಿಡಂಗಿಲ್ಲ."