ಉಪನಗರ ರೈಲು ಚಾಲಕರ ಮೇಲ್ವಿಚಾರಣೆ

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಭಾರತದ ಪ್ರಥಮ ಪ್ರಯಾಣಿಕ ರೈಲು ಸಂಚರಿಸಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಇದೇ ಮಾರ್ಗದಲ್ಲಿ ಇಂದು ಠಾಣೆ, ಡೊಂಬಿವಲಿ, ಕಲ್ಯಾಣಗಳ ನಡುವೆ ಉಪನಗರ ಗಾಡಿಗಳು ಕೆಲವೇ ನಿಮಿಷಗಳ ಅಂತರದಲ್ಲಿ ಒಂದರ ಹಿಂದೊಂದು ಓಡುತ್ತವೆ. ಠಾಣೆಯಿಂದ ನವಿ ಮುಂಬಯಿಯ ವಾಶಿಗೆ 2004ರಿಂದ ಪ್ರತ್ಯೇಕ ಮಾರ್ಗವಿದೆ.

ಈ ಗಾಡಿಗಳನ್ನು ನಡೆಸುವವರನ್ನು ಮೋಟಾರ್‌ಮನ್ ಎಂದು ಕರೆಯುತ್ತಾರೆ. ಮುಂಭಾಗದ ಕೋಣೆಯಲ್ಲಿ ಅವರು ಒಬ್ಬರೇ, ಸಹಾಯಕರಿರುವುದಿಲ್ಲ. ಗಾಡಿಯ ಹಿಂಬದಿಯಲ್ಲಿರುವ ಗಾರ್ಡ್ ಎರಡು ಬಾರಿ ಗಂಟೆ ಬಾರಿಸಿ ಸೂಚನೆ ನೀಡಿದ ಬಳಿಕ, ಸಿಗ್ನಲ್ ಅನುಮತಿಸಿದ್ದರೆ ಮಾತ್ರ ಗಾಡಿ ಹೊರಡತಕ್ಕದ್ದು. ಕೆಂಪು ಸಿಗ್ನಲನ್ನು ದಾಟುವುದು ಈ ವೃತ್ತಿಯಲ್ಲಿ ಅತ್ಯಂತ ಗಂಭೀರವಾದ ಲೋಪ. ಅದನ್ನು ತಡೆಯಲು ಹಳಿಗಳಲ್ಲಿ ಎಚ್ಚರಿಕೆ ಸಾಧನಗಳನ್ನು ಅಳವಡಿಸಲಾಗಿದೆ. ಹಳದಿ ಸಿಗ್ನಲಿನ ಎಚ್ಚರಿಕೆಗೆ ಚಾಲಕರು ಸ್ಪಂದಿಸದಿದ್ದರೆ, ಅಥವಾ ಕೆಂಪು ಸಿಗ್ನಲನ್ನು ದಾಟಿದರೆ, ಬ್ರೇಕು ತಾನಾಗಿಯೇ ಬೀಳುತ್ತದೆ. ಹಿಡಿಕೆಯ ಮೇಲಿನ ಕೈಯೊತ್ತಡ ತಪ್ಪಿದರೂ ಗಾಡಿ ನಿಲ್ಲುವುದು.

ಆದರೆ ಯಂತ್ರವು ಮನುಷ್ಯನ ಅಭ್ಯಾಸವನ್ನು ತಿದ್ದಲಾರದು. ಆ ಹೊಣೆ ಮುಖ್ಯ ಲೋಕೊ ಇನ್‌ಸ್ಪೆಕ್ಟರರದು. ಚಾಲಕರ ಒಂದೊಂದು ಗುಂಪನ್ನು ಒಬ್ಬೊಬ್ಬ ಇನ್‌ಸ್ಪೆಕ್ಟರರಿಗೆ ವಹಿಸಲಾಗಿರುತ್ತದೆ. ಅವರೂ ಚಾಲಕರಾಗಿ ದುಡಿದು ಬಂದವರೇ ಆದುದರಿಂದ ಕೋಣೆಯೊಳಗಿನ ಕಷ್ಟ ಬಲ್ಲರು. ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಚಾಲಕರೊಡನೆ ಪಯಣಿಸಿ, ವೇಗ ಹಾಗೂ ಬ್ರೇಕಿನ ಬಳಕೆಯನ್ನು ಗಮನಿಸುತ್ತಾರೆ. ವೇಗಮಾಪಕದ ದಾಖಲೆಗಳನ್ನು ಪರಿಶೀಲಿಸುತ್ತಾರೆ. ಕೆಲವೊಮ್ಮೆ ಹಳಿಯ ಪಕ್ಕದಲ್ಲಿ ಮರೆಯಾಗಿ ನಿಂತು, ಸಿಗ್ನಲ್ ಪಾಲನೆಯನ್ನು ಪರೀಕ್ಷಿಸುವುದೂ ಉಂಟು. ಜ್ಞಾನ ಮತ್ತು ಸುರಕ್ಷತಾ ಪ್ರಜ್ಞೆಗಳನ್ನು ಆಧರಿಸಿ ಚಾಲಕರನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತಾರೆ. ಸಿ ಶ್ರೇಣಿಯವರಿಗೆ ಹೆಚ್ಚಿನ ನಿಗಾ, ಹೆಚ್ಚಿನ ತಿಳಿವಳಿಕೆ. ಶ್ರೇಣಿಯನ್ನು ಶಿಕ್ಷೆಯೆಂದು ಭಾವಿಸುವ ಚಾಲಕನು ತನ್ನ ಸಂದೇಹಗಳನ್ನು ಮುಚ್ಚಿಡುವನು. ಅಂಥವನನ್ನು ಮಾತಿಗೆಳೆಯುವುದೇ ಇನ್‌ಸ್ಪೆಕ್ಟರರ ನಿಜವಾದ ಕೌಶಲ.

ಕರ್ತವ್ಯಕ್ಕೆ ಹಾಜರಾಗುವಾಗ ಉಸಿರಿನ ಮೂಲಕ ಮದ್ಯಪರೀಕ್ಷೆ ಕಡ್ಡಾಯ. ದೃಷ್ಟಿಯೂ ಒಳಗೊಂಡ ವೈದ್ಯಕೀಯ ತಪಾಸಣೆಯನ್ನು 45 ವರ್ಷ ವಯಸ್ಸಿನವರೆಗೆ 4 ವರ್ಷಗಳಿಗೊಮ್ಮೆ, 55ರವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿವರ್ಷ ನಡೆಸಲಾಗುತ್ತದೆ. ವಿಶ್ರಾಂತಿಯನ್ನು ಮಾತ್ರ ಕಚೇರಿಯಲ್ಲಿ ಕುಳಿತು ಅಳೆಯಲು ಬಾರದು. ಆದಕಾರಣ ರೈಲ್ವೆ ವಿಭಾಗಗಳು ಚಾಲಕರ ಕುಟುಂಬದವರನ್ನೂ ಸಭೆಗೆ ಕರೆದು, ರಾತ್ರಿಪಾಳಿ ಮುಗಿಸಿ ಬಂದವರಿಗೆ ಮನೆಯಲ್ಲಿ ನಿದ್ರೆ ದೊರೆಯಬೇಕಾದ ಅಗತ್ಯವನ್ನು ವಿವರಿಸುತ್ತವೆ.

ಕಲ್ಯಾಣದಲ್ಲಿ ಚಾಲಕರ ತರಬೇತಿ ಕೇಂದ್ರವಿದೆ. ದೇಶದ ಪ್ರಥಮ ಮಹಿಳಾ ರೈಲು ಚಾಲಕಿ ಸುರೇಖಾ ಯಾದವ್ ಅವರು ಕಲಿತದ್ದು ಕಲ್ಯಾಣದಲ್ಲಿ. ಮುಂದೆ ಅದೇ ಕೇಂದ್ರದಲ್ಲಿ ಅವರು ಬೋಧಕಿಯಾಗಿಯೂ ಸೇವೆ ಸಲ್ಲಿಸಿದರು.